ಎರಡೂ ಕಡೆ ಬಾಡಿಗೆ 22 ಸಾವಿರ: ಬೆಂಗಳೂರಿನ ಫ್ಲ್ಯಾಟಾ, ಮೈಸೂರಿನ ಪೋರ್ಷನ್ ಮನೆಯಾ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಹೆಬ್ಬಾಳದ 20x30 ಸೈಟಿನ ಹಳೇ ಮನೆ. ಕೆಳಗೊಂದು ಪೋರ್ಷನ್, ಮೇಲೊಂದು, ಟೆರೇಸಿನಲ್ಲಿ ಒಂದು ರೂಮು. ಬೆಂಗಳೂರಿನ ಕನಕಪುರ ರಸ್ತೆಯ ಫ್ಲ್ಯಾಟನ್ನು ಈಗ ಮಾರಾಟಕ್ಕೆ ಇಟ್ಟಿದ್ದೇವೆ. ಬಾಡಿಗೆಗೆಂದು ಮೊದಲ ಸಲ ಮನೆ ಕೊಳ್ಳಲು ಹೊರಟವರು ಯಾರಾದರೂ ಇದನ್ನು ಓದಿ ನಮ್ಮಷ್ಟು ಸುಸ್ತಾಗದೆ ಇದ್ದರೆ ಸಾಕು.

ಫ್ಲ್ಯಾಟ್ ಕೊಂಡಿದ್ದು 2019ರಲ್ಲಿ, 58 ಲಕ್ಷಕ್ಕೆ. ಎರಡು ಬೆಡ್‌ರೂಮು, ರೀಸೇಲ್, ಕಟ್ಟಡಕ್ಕೆ ಆಗಲೇ ಏಳು ವರ್ಷ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. "ಬೆಂಗಳೂರಲ್ಲಿ ಹಾಕಿದ ದುಡ್ಡು ಎಲ್ಲೂ ಹೋಗಲ್ಲ, ಮೆಟ್ರೋನೂ ಬರ್ತಿದೆ" ಅಂತ ಎಲ್ಲರೂ ಹೇಳಿದರು. ಮೆಟ್ರೋ ಬಂತು ಕೂಡ. ಹೆಬ್ಬಾಳದ ಮನೆ ಕೊಂಡಿದ್ದು 2021ರಲ್ಲಿ, 48 ಲಕ್ಷಕ್ಕೆ. ಮೇಲೆ 3 ಲಕ್ಷ ರಿಪೇರಿಗೆ ಹೋಯಿತು. ಅಲ್ಲಿ ಈಗ 9,000, 8,500, 4,500 ಬರುತ್ತದೆ. ಒಟ್ಟು 22 ಸಾವಿರ. ಫ್ಲ್ಯಾಟಿಗೂ 22 ಸಾವಿರವೇ. ರಿಜಿಸ್ಟ್ರೇಷನ್ ಖರ್ಚೂ ಸೇರಿಸಿ ಲೆಕ್ಕ ಹಾಕಿದರೆ ಹಾಕಿದ ದುಡ್ಡಿಗೆ ಫ್ಲ್ಯಾಟು ವರ್ಷಕ್ಕೆ ಸುಮಾರು 4.3 ಪರ್ಸೆಂಟ್ ಕೊಡುತ್ತದೆ, ಮೈಸೂರಿನ ಮನೆ 4.9. ಕಾಗದದ ಮೇಲೆ ಮುಕ್ಕಾಲು ಪರ್ಸೆಂಟ್ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಎಲ್ಲಿ ಬಂತು ಅಂದರೆ, ಬಾತ್‌ರೂಮಿನ ಸೂರಿನಲ್ಲಿ.

2023ರ ಜುಲೈನಲ್ಲಿ ಫ್ಲ್ಯಾಟಿನ ಬಾಡಿಗೆದಾರರು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಎಕ್ಸಾಸ್ಟ್ ಫ್ಯಾನಿನ ಪಕ್ಕ, ಸೂರಿನಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಹಳದಿ ಕಲೆ. ಮಳೆಗಾಲ, ಒಣಗುತ್ತೆ ಬಿಡಿ ಅಂದೆ. ಮೂರು ವಾರಕ್ಕೆ ಅದು ತಟ್ಟೆಯಷ್ಟಾಯಿತು. ಬಣ್ಣ ಹಪ್ಪಳದ ಹಾಗೆ ಎದ್ದು ನಿಂತು, ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಕಾಣಿಸಿತು. ನಾನು ಹೋಗಿ ನೋಡಿದ ದಿನ ಕೆಳಗೆ ಬಕೆಟ್ ಇಟ್ಟಿದ್ದರು. ಹನಿ ಬೀಳುವ ಸದ್ದು ಹಾಲಿನವರೆಗೂ ಕೇಳುತ್ತಿತ್ತು. ಅದು ಮಳೆ ನೀರಲ್ಲ, ಮೇಲಿನ ಮನೆಯವರ ಸ್ನಾನದ ನೀರು.

ಅಪಾರ್ಟ್‌ಮೆಂಟಿನ ಬಾತ್‌ರೂಮುಗಳ ನೆಲವನ್ನು ಸಾಮಾನ್ಯವಾಗಿ ತಗ್ಗಿಸಿ ಕಟ್ಟಿರುತ್ತಾರೆ. ಆ ತಗ್ಗಿನಲ್ಲಿ ಪೈಪುಗಳು ಹೋಗುತ್ತವೆ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ. ಒಳಗೆ ಪೈಪಿನ ಜಾಯಿಂಟ್ ಬಿಟ್ಟರೆ ನೀರು ಅಲ್ಲೇ ನಿಂತು, ನಿಧಾನವಾಗಿ ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ಕೆಳಗಿನಿಂದ ಎಷ್ಟು ಪುಟ್ಟಿ ಹಚ್ಚಿದರೂ ಸುಮ್ನೆ ದುಡ್ಡು ದಂಡ. ಮೇಲಿನ ಮನೆಯ ಟೈಲ್ಸ್ ಒಡೆದು, ಪೈಪು ಸರಿ ಮಾಡಿ, ವಾಟರ್‌ಪ್ರೂಫಿಂಗ್ ಮಾಡಬೇಕು. ಅಂದರೆ ನನ್ನ ಮನೆ ಸರಿಯಾಗಬೇಕಾದರೆ ಇನ್ನೊಬ್ಬರ ಬಾತ್‌ರೂಮು ಒಡೆಯಬೇಕು!

ಮೇಲಿನ ಮನೆಯ ಓನರ್ ವಿದೇಶದಲ್ಲಿ. ಅವರ ಬಾಡಿಗೆದಾರರು "ಓನರ್‌ನ ಕೇಳಿ" ಅಂದರು. ಅಸೋಸಿಯೇಷನ್‌ನವರು "ಮನೆಯೊಳಗಿನ ಪೈಪು ನಮ್ಮದಲ್ಲ, ನೀವಿಬ್ಬರೂ ಮಾತಾಡಿಕೊಳ್ಳಿ" ಅಂದರು. ಓನರ್ ಎರಡು ತಿಂಗಳು ಮೇಲ್‌ಗೆ ಉತ್ತರ ಕೊಡಲಿಲ್ಲ. ಆಮೇಲೆ "ನಮ್ಮ ಪೈಪೇ ಅಂತ ಏನು ಗ್ಯಾರಂಟಿ?" ಅಂದರು. ಕೊನೆಗೆ ಪ್ಲಂಬರ್ ಮೇಲಿನ ಬಾತ್‌ರೂಮಿನಲ್ಲಿ ನೀಲಿ ಬಣ್ಣ ಕಲಸಿದ ನೀರು ಬಿಟ್ಟರು. ಮಾರನೇ ದಿನ ನಮ್ಮ ಬಕೆಟ್‌ನಲ್ಲಿ ತಿಳಿ ನೀಲಿ. ಆ ಬಕೆಟ್ಟಿನ ಫೋಟೋ ಕಳಿಸಿದ ಮೇಲೆಯೇ ಅವರು ಅರ್ಧ ಖರ್ಚಿಗೆ ಒಪ್ಪಿದ್ದು. ಒಟ್ಟು ಖರ್ಚು 38 ಸಾವಿರ, ನನ್ನ ಪಾಲು 19.

ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದು ನಮ್ಮ ಬಾಡಿಗೆದಾರರು ಖಾಲಿ ಮಾಡಿದ್ದರು. ಅವರ ತಪ್ಪೇನಿಲ್ಲ, ಚಿಕ್ಕ ಮಗು ಇತ್ತು, ಮನೆಯೆಲ್ಲ ಬೂಷ್ಟಿನ ವಾಸನೆ. ಅವರಿಗೆ 1,10,000 ಅಡ್ವಾನ್ಸ್ ವಾಪಸ್ ಕೊಡಬೇಕು. ಆ ದುಡ್ಡು ನಮ್ಮ ಹತ್ತಿರ ಇರಲಿಲ್ಲ, ಕೊಂಡ ವರ್ಷವೇ ಕಿಚನ್ ಕ್ಯಾಬಿನೆಟ್‌ಗೆ ಹಾಕಿದ್ದೆವು. ನನ್ನ ಒಂದು ಚಿನ್ನದ ಬಳೆ ಬ್ಯಾಂಕಿಗೆ ಹೋಗಿದ್ದು ಹಾಗೆ. ದಯವಿಟ್ಟು ಅಡ್ವಾನ್ಸ್ ಮುಟ್ಟಬೇಡಿ. ಬಂದ ದಿನವೇ ಬೇರೆ ಎಫ್‌ಡಿ ಮಾಡಿಡಿ. ಅದು ನಮ್ಮ ದುಡ್ಡಲ್ಲ. ಮನೆ ಖಾಲಿ ಇದ್ದ ಎರಡು ತಿಂಗಳು ಬಾಡಿಗೆ ಸೊನ್ನೆ, 3,800 ಮೇಂಟೆನೆನ್ಸ್ ನಮ್ಮ ತಲೆ ಮೇಲೆ, 36 ಸಾವಿರದ ಇಎಂಐ ಬೇರೆ.

ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಸಮಾಧಾನವಿದೆ. ರಿಯಲ್ ಎಸ್ಟೇಟ್ ನಿಯಂತ್ರಣಕ್ಕಿರುವ ರೇರಾ ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ರೀಸೇಲ್ ಆದರೆ ಎಲ್ಲಾ ಬಾತ್‌ರೂಮಿನ ಸೂರನ್ನು ಟಾರ್ಚ್ ಹಾಕಿ ನೋಡಿ. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಶೀಟ್ ಬಿಚ್ಚಿಸಿ ನೋಡಿ.

ಇನ್ನು ಹೆಬ್ಬಾಳದ ಮನೆ. ಅಲ್ಲೂ ತೊಂದರೆ ಇಲ್ಲ ಅಂತಲ್ಲ. ಮೋಟರ್ ಯಾರು ಹಾಕಬೇಕು ಅನ್ನೋ ಜಗಳ ವಾರಕ್ಕೊಂದು ಸಲ. ಎರಡೂವರೆ ಸಾವಿರದ ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಿದೆವು, ಜಗಳ ನಿಂತಿತು. ಟೆರೇಸಿನ ರೂಮು ಬೇಸಿಗೆಯಲ್ಲಿ ಕಾದ ಹೆಂಚು. ಅದಕ್ಕೇ ಬಾಡಿಗೆ ಕಡಿಮೆ.

ಆದರೆ ಒಂದು ಪೋರ್ಷನ್ ಖಾಲಿಯಾದರೆ ಬರುವ ದುಡ್ಡು 22ರಿಂದ 13 ಸಾವಿರಕ್ಕೆ ಇಳಿಯುತ್ತದೆ, ಸೊನ್ನೆಗಲ್ಲ. ಸಂಬಳದಲ್ಲಿ ಇಎಂಐ ಕಟ್ಟುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಸುತ್ತ ಫ್ಯಾಕ್ಟರಿಗಳು, ಆ ಕಡೆ ಇನ್ಫೋಸಿಸ್ ಕ್ಯಾಂಪಸ್. ಗೇಟಿಗೆ "ಮನೆ ಬಾಡಿಗೆಗಿದೆ" ಬೋರ್ಡ್ ಹಾಕಿದರೆ ವಾರದೊಳಗೆ ಯಾರಾದರೂ ಬರುತ್ತಾರೆ. ಬ್ರೋಕರ್‌ಗೆ ಇದುವರೆಗೆ ಒಂದು ರೂಪಾಯಿ ಕೊಟ್ಟಿಲ್ಲ.

ಇಲ್ಲಿ ನಾವು ಎಡವಿದ್ದು ಕರೆಂಟ್ ಮೀಟರಿನಲ್ಲಿ. ಮೂರು ಮನೆಗೆ ಎರಡೇ ಮೀಟರ್ ಇತ್ತು. 2023ರಲ್ಲಿ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ ಬಂದಾಗ ಟೆರೇಸಿನ ಹುಡುಗ ಮತ್ತು ಮೇಲಿನ ಮನೆಯವರು ಒಂದೇ ಮೀಟರಿನಲ್ಲಿದ್ದರು. ಇಬ್ಬರದೂ ಸೇರಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತಿತ್ತು. ಬೇರೆ ಮೀಟರ್ ಹಾಕಿಸಿದ ಮೇಲೆ ಸರಿಹೋಯಿತು. ಬಾಡಿಗೆದಾರರು ಬಿಟ್ಟು ಹೋಗುವಾಗ ಆ ಮೀಟರಿನ ಆರ್‌ಆರ್ ನಂಬರಿನಿಂದ ಅವರ ಆಧಾರ್ ಡಿ-ಲಿಂಕ್ ಮಾಡಿಸಿಕೊಳ್ಳಿ, ಆಮೇಲೆಯೇ ಅಡ್ವಾನ್ಸ್ ಕೊಡಿ. ಇಲ್ಲದಿದ್ದರೆ ಹೊಸಬರು ಗೃಹಜ್ಯೋತಿಗೆ ಅರ್ಜಿ ಹಾಕಲು ಪರದಾಡುತ್ತಾರೆ.

ಕಾಗದಪತ್ರದ ಕೆಲಸ ಎರಡೂ ಕಡೆ ಒಂದೇ. ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ), ಇಸಿ (ಆಸ್ತಿ ಮೇಲೆ ಸಾಲಗೀಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ), ಬಾಡಿಗೆಗೆ 11 ತಿಂಗಳ ಕರಾರು. ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದರೆ 5 ಪರ್ಸೆಂಟ್ ಉಳಿತಾಯ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ, ಬಜೆಟ್ಟಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಮಾತ್ರ ಸಾಲ ಜಾಸ್ತಿ ಇರುವವರು ಎಚ್ಚರ ಇರಬೇಕು. ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ 30 ಪರ್ಸೆಂಟ್ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲೂ ಸಿಗುತ್ತದೆ. ಆದರೆ ಸಾಲದ ಬಡ್ಡಿ ಬಾಡಿಗೆಗಿಂತ ಜಾಸ್ತಿಯಾದರೆ ಆ ನಷ್ಟವನ್ನು ಸಂಬಳದಲ್ಲಿ ಕಳೆಯಲು ಹೊಸ ಪದ್ಧತಿಯಲ್ಲಿ ಬಿಡುವುದಿಲ್ಲ. ಹಳೇದರಲ್ಲಿ 2 ಲಕ್ಷದವರೆಗೆ ಕಳೆಯಬಹುದು. ನಾವು ಫ್ಲ್ಯಾಟ್ ಕೊಂಡಿದ್ದು ಆ 2 ಲಕ್ಷ ನಂಬಿಕೊಂಡೇ. ಉಳಿದ ಸಂಬಳಕ್ಕೆ ಹೊಸ ಪದ್ಧತಿಯೇ ಲಾಭ ಅಂತಾದಾಗ ಅದು ಕೈಬಿಟ್ಟಿತು.

ನೀವು ಬೆಂಗಳೂರಿನಲ್ಲೇ ಇದ್ದು, ಅದೇ ಅಪಾರ್ಟ್‌ಮೆಂಟಿನಲ್ಲೋ ಪಕ್ಕದ ಬೀದಿಯಲ್ಲೋ ಫ್ಲ್ಯಾಟ್ ಕೊಳ್ಳುವುದಾದರೆ ನನ್ನ ಮಾತು ಅರ್ಧ ಬಿದ್ದುಹೋಗುತ್ತದೆ. ನನಗೆ ಭಾನುವಾರ ಬೆಳಗ್ಗೆ ಸ್ಕೂಟರಿನಲ್ಲಿ ಹೋಗಿ ಮನೆ ನೋಡಿ ಬರುವ ಅಭ್ಯಾಸ. ಟ್ಯಾಂಕ್ ಇಣುಕುತ್ತೇನೆ, ಕೆಳಗಿನ ಮನೆಯ ಅಜ್ಜಿ ಕೊಟ್ಟ ಕಾಫಿ ಕುಡಿಯುತ್ತೇನೆ. ನಲ್ಲಿ ಸೋರುತ್ತಿದೆ ಅಂದರೆ ಅವತ್ತೇ ವಾಷರ್ ಬದಲಾಗುತ್ತದೆ. ಆ ಫ್ಲ್ಯಾಟಿನ ಬಕೆಟ್ಟಿಗಾಗಿ ನಾನು ಆರು ಸಲ ಬೆಂಗಳೂರಿಗೆ ಹೋಗಿದ್ದೆ.

ಫ್ಲ್ಯಾಟ್ ಮಾರಿದ ದುಡ್ಡಿನಲ್ಲಿ ಮೊದಲು ಸಾಲ ತೀರಿಸುತ್ತೇವೆ. ಉಳಿದದ್ದಕ್ಕೆ ಹೂಟಗಳ್ಳಿ ಕಡೆ ಇನ್ನೊಂದು 20x30 ನೋಡುತ್ತಿದ್ದೇವೆ. ಹೋದ ವಾರ ಒಂದು ಮನೆ ತೋರಿಸಿದರು. ನಮ್ಮನೆಯವರು ಕೋಣೆಗಳನ್ನು ನೋಡುತ್ತಿದ್ದರು, ನಾನು ನೇರ ಮೆಟ್ಟಿಲ ಕೆಳಗೆ ಹೋಗಿ ಮೀಟರ್ ಎಣಿಸಿದೆ. ಮೂರು ಪೋರ್ಷನ್, ಮೂರು ಮೀಟರ್. ನಾಳೆ ಇಸಿ ತೆಗೆಸಬೇಕು.