ಸೊಟಾವೆಂಟೊ, ಎಲ್ ಮೆಡಾನೊ: ವಿಂಡ್‌ಸರ್ಫಿಂಗ್ ಕಲಿಯಲು ಯಾವ ಕಡಲು?

ನನ್ನ ಹಾಗೆ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವ ಆಟ) ಇನ್ನೂ ಕಲಿಯುತ್ತಿದ್ದು, ಕಾರಿನ ಗೋಜೂ ಬೇಡ ಅನ್ನುವವರು ಟೆನೆರಿಫೆಯ ಎಲ್ ಮೆಡಾನೊಗೆ ಹೋಗಿ. ಚೆಂದದಲ್ಲಿ ಫುಯೆರ್ತೆವೆಂಚುರಾದ ಸೊಟಾವೆಂಟೊ ಒಂದು ಕೈ ಮೇಲು, ಒಪ್ಪುತ್ತೇನೆ. ಎರಡೂ ಸ್ಪೇನಿನ ಕ್ಯಾನರಿ ದ್ವೀಪಗಳೇ, ಜ್ವಾಲಾಮುಖಿಯಿಂದ ಎದ್ದವು. ಮ್ಯೂನಿಕ್‌ನಿಂದ ಎರಡಕ್ಕೂ ನೇರ ವಿಮಾನವಿದೆ.

ಸೊಟಾವೆಂಟೊದ ಫೋಟೊಗಳಲ್ಲೆಲ್ಲ ಕಾಣುವುದು ಮರಳುದಿಬ್ಬದ ಒಳಗಿನ ತಿಳಿನೀಲಿ ಲಗೂನ್, ಅಂದರೆ ಸಮುದ್ರದ ನೀರು ನಿಲ್ಲುವ ಆಳವಿಲ್ಲದ ಕೊಳ. ಅಲೆಯಿಲ್ಲ, ಬಿದ್ದರೂ ಎದ್ದು ನಿಲ್ಲಬಹುದು. ಕಲಿಯುವವರಿಗೆ ಇನ್ನೇನು ಬೇಕು, ಅಲ್ವಾ? ಆದರೆ ಆ ನೀರು ದಿನಾ ಇರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ದೊಡ್ಡ ಉಬ್ಬರ ಬಂದಾಗ ಸಮುದ್ರ ದಿಬ್ಬ ದಾಟಿ ಒಳಗೆ ತುಂಬುತ್ತದೆ. ನಾವು ಹೋದದ್ದು ಅಷ್ಟಮಿಯ ಹೊತ್ತಿಗೆ. ಪಾದ ಮುಳುಗುವಷ್ಟು ನೀರು, ಉಳಿದದ್ದೆಲ್ಲ ಒದ್ದೆ ಮರಳು. ಬೋರ್ಡಿನ ಅಡಿಯ ಫಿನ್ ಮರಳಿಗೆ ಕಚ್ಚಿಕೊಂಡು ಮುಂದೆ ಹೋಗುವುದೇ ಇಲ್ಲ. ಪ್ಯಾಕೇಜ್ ಮಾರಿದವರು ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ದಿಬ್ಬದ ಹೊರಗೆ ಹೋಗೋಣ ಅಂದರೆ ಅಲ್ಲಿ ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತದೆ. ದ್ವೀಪ ಆ ಜಾಗದಲ್ಲಿ ಕಿರಿದಾಗಿ ತಗ್ಗಿದೆ. ಈಶಾನ್ಯದ ವಾಣಿಜ್ಯ ಮಾರುತ ಅದರ ಮೇಲೆ ನುಗ್ಗಿ ಇನ್ನೂ ಜೋರಾಗುತ್ತದೆ. ಜುಲೈಯಲ್ಲಿ ಅಲ್ಲಿ ವಿಶ್ವಕಪ್ ಸ್ಪರ್ಧೆ ನಡೆಯುವುದು ಈ ಗಾಳಿಯನ್ನು ನಂಬಿಯೇ. ಪಳಗಿದವರಿಗೆ ಹಬ್ಬ. ಸೇಲ್ (ಹಾಯಿ) ಎತ್ತಲು ಒದ್ದಾಡುವವರು ಮಾತ್ರ ನೋಡನೋಡುತ್ತಲೇ ದೂರ ಹೋಗಿಬಿಡುತ್ತಾರೆ. ನನ್ನನ್ನು ದೋಣಿಯವರು ಎಳೆದು ತಂದರು.

ಎಲ್ ಮೆಡಾನೊದಲ್ಲಿ ಗಾಳಿ ಓರೆಯಾಗಿ, ಸ್ವಲ್ಪ ದಡದ ಕಡೆಗೇ ಬೀಸುತ್ತದೆ. ಬಿದ್ದರೂ ಮೆಲ್ಲಗೆ ಮರಳಿಗೆ ಬಂದು ಸೇರುತ್ತೀರಿ. ಆ ಧೈರ್ಯವೇ ನನಗೆ ಅರ್ಧ ಕಲಿಸಿತು. ಮಧ್ಯಾಹ್ನ ನೀರು ಕುಲುಕಾಡುತ್ತದೆ, ಮರಳು ಹಾರಿ ಕಾಲಿಗೆ ಚುಚ್ಚುತ್ತದೆ. ಬೆಳಿಗ್ಗೆಯೇ ನೀರಿಗಿಳಿಯಿರಿ.

ಟೆನೆರಿಫೆ ದಕ್ಷಿಣ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಸೊಟಾವೆಂಟೊಗೆ ಫುಯೆರ್ತೆವೆಂಚುರಾದ ನಿಲ್ದಾಣದಿಂದ 60 ಕಿಲೋಮೀಟರಿಗೂ ಜಾಸ್ತಿ, ಕಾರಿನ ಗೋಜು ಬರುವುದು ಅಲ್ಲೇ.

ಸಂಜೆ ಸುಮ್ನೆ ನಡೆಯುವ ಅಭ್ಯಾಸ ನನ್ನದು. ಎಲ್ ಮೆಡಾನೊದ ಊರು ಕಡಲಿಗೇ ಅಂಟಿಕೊಂಡಿದೆ. 171 ಮೀಟರ್ ಎತ್ತರದ ಕೆಂಪು ಜ್ವಾಲಾಮುಖಿ ಗುಡ್ಡ, ಮೊಂಟಾನ್ಯಾ ರೋಹಾ, ನಡೆದೇ ಹತ್ತಬಹುದು. ಸಸ್ಯಾಹಾರಿಗಳಿಗೆ ಉಪ್ಪುನೀರಲ್ಲಿ ಸಿಪ್ಪೆ ಸುಕ್ಕಾಗುವಂತೆ ಬೇಯಿಸಿದ ಪುಟ್ಟ ಆಲೂಗಡ್ಡೆ, ಜೊತೆಗೆ ಕೊತ್ತಂಬರಿಯ ಹಸಿರು ಮೊಹೊ, ಚಟ್ನಿಯಂಥದ್ದು. ಅಲ್ಲಿನ ಹುರಿದ ಧಾನ್ಯದ ಹಿಟ್ಟು ಗೋಫಿಯೊ ಅಂತೂ ನಮ್ಮ ಹುರಿಹಿಟ್ಟಿನ ಹಾಗೇ. ಬೋರ್ಡ್ ಬಾಡಿಗೆ ಎರಡೂ ಕಡೆ ಕೊಡಬೇಕು. ಕಾರಿನ ಬಾಡಿಗೆ ಉಳಿದದ್ದರಲ್ಲಿ ನಾನು ಇನ್ನಷ್ಟು ಪಾಠ ಹೇಳಿಸಿಕೊಂಡೆ.

ಸೊಟಾವೆಂಟೊನೇ ಬೇಕು ಅನ್ನುವವರು ಪಂಚಾಂಗ ನೋಡಿ ಟಿಕೆಟ್ ಮಾಡಿಸಿ, ಕಾರಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.