ಪಕ್ಕದ ಸಾಲು ಅಳಿಸೋಕೆ ವಿಮ್, ಇಮ್ಯಾಕ್ಸ್, ವಿಎಸ್ ಕೋಡ್: ನನ್ನ ಓಟು ವಿಮ್‌ಗೆ

ಶಿರಸಿ ಮಾರುಕಟ್ಟೆಯ ಅಡಿಕೆ ಧಾರಣೆಯನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುವ ಅಭ್ಯಾಸ ನನ್ನದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಒಂದೊಂದಕ್ಕೆ ಒಂದು ಸಾಲು. ವಾಟ್ಸಾಪ್‌ನಿಂದ ತಂದು ಹಾಕಿದರೆ ಜೊತೆಗೆ ಕಸವೂ ಬರುತ್ತದೆ. ದರದ ಮೇಲೊಂದು ‘ಶುಭ ಮುಂಜಾನೆ’, ಕೆಳಗೊಂದು ಖಾಲಿ ಸಾಲು. ಕರ್ಸರ್ ದರದ ಮೇಲೇ ಇರಬೇಕು, ಮೇಲಿನ-ಕೆಳಗಿನ ಕಸ ಮಾತ್ರ ಹೋಗಬೇಕು. ಇದಕ್ಕೆ ವಿಎಸ್ ಕೋಡ್, ಇಮ್ಯಾಕ್ಸ್, ವಿಮ್ ಎಂಬ ಮೂರು ಟೆಕ್ಸ್ಟ್ ಎಡಿಟರ್‌ಗಳಲ್ಲಿ ಯಾವುದು ವಾಸಿ?

ವಿಎಸ್ ಕೋಡ್‌ನಲ್ಲಿ ಕಂಟ್ರೋಲ್-ಶಿಫ್ಟ್-ಕೆ ಒತ್ತಿದರೆ ಕರ್ಸರ್ ಇರುವ ಸಾಲೇ ಹೋಗುತ್ತದೆ. ಪಕ್ಕದ್ದು ಬೇಕಾದರೆ ಅಲ್ಲಿಗೆ ಇಳಿದು, ಅಳಿಸಿ, ಮತ್ತೆ ಹತ್ತಬೇಕು. ಅದನ್ನು ತಪ್ಪಿಸೋಕೇ ಅಲ್ವಾ ಇಷ್ಟೆಲ್ಲ? ಮೇಲಿಂದ ನನ್ನ 4 ಜಿಬಿ ಲ್ಯಾಪ್‌ಟಾಪ್‌ಗೆ ಅದು ಭಾರ. ಹೊಸದು ಕೊಳ್ಳೋದು ಸದ್ಯಕ್ಕಿಲ್ಲ.

ಇಮ್ಯಾಕ್ಸ್‌ನ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಓ ಚೆಂದ. ಕೆಳಗಿನ ಖಾಲಿ ಸಾಲು ಮಾಯ, ಕರ್ಸರ್ ಅಲ್ಲಾಡುವುದಿಲ್ಲ. ಆದರೆ ಮೇಲಿನ ಶುಭ ಮುಂಜಾನೆ ಹೋಗಬೇಕೆಂದರೆ ಕರ್ಸರನ್ನು ಇದ್ದ ಜಾಗಕ್ಕೇ ತರುವ ಸೇವ್-ಎಕ್ಸ್‌ಕರ್ಷನ್ ಹಾಕಿ, ಇಮ್ಯಾಕ್ಸ್‌ನ ಲಿಸ್ಪ್ ಭಾಷೆಯಲ್ಲಿ ಪುಟ್ಟ ಫಂಕ್ಷನ್ ಬರೆಯಬೇಕು. ನನಗೆ ಪುರುಸೊತ್ತಿಲ್ಲ.

ವಿಮ್‌ನಲ್ಲಿ ಕೋಲನ್, ಪ್ಲಸ್, ಡಿ, ಎಂಟರ್. ಕೆಳಗಿನ ಸಾಲು ಹೋಯಿತು. ಮೈನಸ್ ಹಾಕಿದರೆ ಮೇಲಿನದು. ಕರ್ಸರ್ ಜಾಗ ಬಿಡುತ್ತದೆ, ನಿಜ. ಬ್ಯಾಕ್‌ಟಿಕ್ (`) ಎರಡು ಸಲ ಒತ್ತಿದರೆ ಮೊದಲಿದ್ದ ಅಕ್ಷರಕ್ಕೇ ವಾಪಸ್. ಎಲ್ಲ ಸೇರಿಸಿ ಒಂದು ಕೀಲಿಗೆ ಮ್ಯಾಪ್ ಮಾಡಿಟ್ಟರೆ ಮುಗೀತು.

ತಲೆ ತಿಂದಿದ್ದು ಬೇರೆ ವಿಷಯ. ರಾಶಿ ದರದ ಸಾಲು ಕಾಪಿ ಮಾಡಿ, ಮೇಲಿನ ಕಸ ತೆಗೆದು, ಬೇಕಾದ ಕಡೆ ಹೋಗಿ ಪೇಸ್ಟ್ ಮಾಡಲು ಪಿ ಒತ್ತುತ್ತೀರಿ. ದರ ಬರಬೇಕಾದಲ್ಲಿ ‘ಶುಭ ಮುಂಜಾನೆ’ ಬಂದು ಕೂರುತ್ತದೆ! ಕಾಪಿ ಮಾಡಿದ್ದನ್ನು ವಿಮ್ ಇಟ್ಟುಕೊಳ್ಳುವ ಜಾಗಕ್ಕೆ ರಿಜಿಸ್ಟರ್ ಅಂತಾರೆ. ಅಳಿಸಿದ್ದನ್ನೂ ಅದೇ ರಿಜಿಸ್ಟರ್‌ಗೆ ತುರುಕುತ್ತದೆ.

ಕಾಪಿ ಮಾಡಿದ್ದು ಕಳೆದುಹೋಗಿರುವುದಿಲ್ಲ. ಸೊನ್ನೆ ನಂಬರಿನ ರಿಜಿಸ್ಟರ್‌ನಲ್ಲಿ ಇರುತ್ತದೆ. ಆದರೆ ಪ್ರತಿ ಸಲ ಡಬಲ್ ಕೋಟ್, ಸೊನ್ನೆ, ಪಿ ಅಂತ ಯಾರು ಒತ್ತುತ್ತಾರೆ?

ಅದಕ್ಕೆ, ಅಳಿಸುವ ಆ ಕಮಾಂಡಿನಲ್ಲಿ ಡಿ ಆದಮೇಲೆ ಒಂದು ಸ್ಪೇಸ್, ಒಂದು ಅಂಡರ್‌ಸ್ಕೋರ್ ಸೇರಿಸಿ. ಆಗ ಅಳಿಸಿದ ಸಾಲು ಏನನ್ನೂ ಇಟ್ಟುಕೊಳ್ಳದ ಬ್ಲ್ಯಾಕ್‌ಹೋಲ್ ರಿಜಿಸ್ಟರ್‌ಗೆ ಹೋಗುತ್ತದೆ, ಕಾಪಿ ಮಾಡಿದ್ದು ಹಾಗೇ ಉಳಿಯುತ್ತದೆ. ಅಳಿಸಿದ್ದು ಬೇಕಿತ್ತು ಅನ್ನಿಸಿದರೆ ಯು ಒತ್ತಿದರಾಯಿತು. ವಿಎಸ್ ಕೋಡ್‌ನ ಆ ಕೀಲಿ ಕ್ಲಿಪ್‌ಬೋರ್ಡ್ ಮುಟ್ಟುವುದೇ ಇಲ್ಲ, ಇದೊಂದರಲ್ಲಿ ಅದೇ ವಾಸಿ.

ಫೈಲಿನ ಮೊದಲ ಸಾಲಿನಲ್ಲಿದ್ದಾಗ ಮೈನಸ್ ಬೇಡ. ಸಾಲಿನ ಸಂಖ್ಯೆ ಸೊನ್ನೆ ಆಗುತ್ತದೆ, ವಿಮ್ ಅದನ್ನು 1 ಎಂದು ಓದಿಕೊಂಡು ಆ ಮೊದಲ ಸಾಲನ್ನೇ ನುಂಗುತ್ತದೆ.

ಇಷ್ಟಾದರೂ ನನಗೆ ವಿಮ್ಮೇ ಬೇಕು. ನಮ್ಮ ಕಡೆ ಮಳೆಗಾಲದ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿಯೂ ಸತ್ತಿದೆ. ಕೈ 4 ಸೆಕೆಂಡು ಸುಮ್ನೆ ಇದ್ದರೆ ಸಾಕು, ಸೇವ್ ಮಾಡದಿದ್ದನ್ನೂ ವಿಮ್ ಸ್ವಾಪ್ ಫೈಲ್ ಎಂಬ ಬದಲಿ ಫೈಲಿಗೆ ಬರೆದುಕೊಂಡಿರುತ್ತದೆ. ಮೌಸ್ ಬಿಡೋಕೆ ಆಗದವರು ಮಾತ್ರ ವಿಎಸ್ ಕೋಡ್‌ನಲ್ಲೇ ಇರಿ.