ಚಳಿಗಾಲದ ರೈಡಿಗೆ ಟೆನೆರಿಫೆ: ಕಡಲ ದಡ ಬೆಚ್ಚಗಿದೆ, ಬೆಟ್ಟ ಬೇರೆ ಮಾತು

ಚಳಿಗಾಲದಲ್ಲಿ ಬೈಕ್ ಓಡಿಸೋಕೆ ಬೆಚ್ಚಗಿನ ಜಾಗ ಹುಡುಕುವಾಗ ಎಲ್ಲರೂ ಮೊದಲು ನೋಡೋದು ಹಗಲಿನ ಉಷ್ಣಾಂಶವನ್ನೇ. ನಾನೂ ಅದನ್ನೇ ನೋಡಿ, ಸ್ಪೇನ್‌ಗೆ ಸೇರಿದ ಕನೇರಿ ದ್ವೀಪಗಳಲ್ಲೇ ದೊಡ್ಡದಾದ ಟೆನೆರಿಫೆಯನ್ನು ಆರಿಸಿಕೊಂಡೆ. ಜನವರಿಯಲ್ಲಿ ಆರು ದಿನ ಬಾಡಿಗೆ ಬೈಕಿನಲ್ಲಿ ಸುತ್ತಿದೆ. ಮತ್ತೆ ಹೋಗುತ್ತೀಯಾ ಅಂದರೆ ಕಣ್ಣು ಮುಚ್ಚಿಕೊಂಡು ಹೂಂ ಅನ್ನುತ್ತೇನೆ. ಆದರೆ ರೈಡರ್‌ಗೆ ಬೇಕಾದ ಲೆಕ್ಕ ಬೀಚಿನಲ್ಲಿ ಮಲಗುವವರ ಲೆಕ್ಕವಲ್ಲ. ರಸ್ತೆ ಎಷ್ಟು ಎತ್ತರಕ್ಕೆ ಹೋಗುತ್ತದೆ ಅನ್ನೋದನ್ನು ಮೊದಲು ನೋಡಬೇಕು, ಊರಿನ ಉಷ್ಣಾಂಶ ಆಮೇಲೆ.

ದ್ವೀಪದ ನಡುವೆ ಟೇಯ್ಡೆ ಅನ್ನೋ ಜ್ವಾಲಾಮುಖಿ ಇದೆ, 3,715 ಮೀಟರ್ ಎತ್ತರ. ಸ್ಪೇನ್‌ನಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಬೈಕಿನವರೆಲ್ಲ ಇಲ್ಲಿಗೆ ಬರೋದೇ ಅದರ ಬುಡದ ಲಾವಾ ಬಯಲನ್ನು ಹಾದುಹೋಗುವ ಟಿಎಫ್-21 ರಸ್ತೆಗೆ. ಉತ್ತರದ ಕರಾವಳಿಯಿಂದ ಲಾ ಒರೊತಾವ ದಾಟಿ ಹತ್ತಲು ಶುರು ಮಾಡಿದರೆ, ಒಂದು ಗಂಟೆಯೊಳಗೆ ಸಮುದ್ರ ಮಟ್ಟದಿಂದ 2,000 ಮೀಟರ್ ಮೇಲಿರುತ್ತೀರಿ. ಕೆಳಗೆ 20 ಡಿಗ್ರಿ ಇದ್ದ ದಿನ ಮೇಲೆ 6-7 ಡಿಗ್ರಿ ಇರೋದು ಮಾಮೂಲು. ಅದರ ಮೇಲೆ ಓಡುವ ಬೈಕಿನ ಗಾಳಿ ಬೇರೆ. 10 ಡಿಗ್ರಿ ಇದ್ದಾಗ 80ರ ವೇಗದಲ್ಲಿ ಹೋದರೆ, ಮುಚ್ಚದ ಚರ್ಮಕ್ಕೆ ಅದು 4 ಡಿಗ್ರಿಯ ಹಾಗೆ ತಾಗುತ್ತದೆ. ಮೊದಲ ದಿನ ನಾನು ಬೇಸಿಗೆಯ ತೂತು ತೂತಿನ ಗ್ಲೌಸ್ ಹಾಕಿಕೊಂಡು ಹತ್ತಿದ್ದೆ. ಮೇಲೆ ಎಲ್ ಪೊರ್ತಿಯೊ ಅನ್ನೋ ಜಾಗದ ಹತ್ತಿರ ಬೈಕ್ ನಿಲ್ಲಿಸಿದಾಗ ಬೆರಳು ಮರಗಟ್ಟಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚೋಕೇ ಆಗಲಿಲ್ಲ. ಎರಡೂ ಅಂಗೈಯನ್ನು ಎಂಜಿನ್ ಪಕ್ಕ ಹಿಡಿದು, ಬಿಸಿ ಬೆರಳಿನ ತುದಿಗೆ ಬರುವವರೆಗೆ ಕೂತಿದ್ದೆ. ಬಿಸಿಲು ಚೆನ್ನಾಗಿಯೇ ಇತ್ತು. ಆದರೆ ಬಂಡೆಗಳ ನೆರಳಲ್ಲಿ ಇನ್ನೂ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಚಳಿಗಾಲದಲ್ಲಿ ಕೆಲವು ದಿನ ಹಿಮ ಬಿದ್ದು ಈ ರಸ್ತೆಯನ್ನೇ ಮುಚ್ಚುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಇನ್ನೊಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಉತ್ತರದ ಮಗ್ಗುಲಲ್ಲಿ ಬೆಟ್ಟದ ಅರ್ಧ ಎತ್ತರಕ್ಕೆ ಮೋಡ ಬಂದು ಕೂರುತ್ತದೆ. ಈಶಾನ್ಯದಿಂದ ಬೀಸುವ ಗಾಳಿ ತರುವ ಮೋಡ ಅದು. ಪೈನ್ ಕಾಡಿನೊಳಗೆ ಈ ಮೋಡ ನುಗ್ಗಿದಾಗ, ಉದ್ದುದ್ದ ಎಲೆಗಳ ಮೇಲೆ ಕೂತ ನೀರು ತೊಟ್ಟಿಕ್ಕುತ್ತಾ ಇರುತ್ತದೆ. ಮಳೆಯೇ ಇಲ್ಲ, ಆದರೂ ಮರದ ಕೆಳಗಿನ ರಸ್ತೆ ಮಾತ್ರ ಒದ್ದೆ! ಒಣ ರಸ್ತೆಯಲ್ಲಿ ಆರಾಮಾಗಿ ವಾಲಿಸಿಕೊಂಡು ಬಂದು, ಮುಂದಿನ ತಿರುವಿಗೆ ಕಪ್ಪಗೆ ಹೊಳೆಯೋ ಡಾಂಬರು ಸಿಕ್ಕರೆ ಎದೆ ಧಸಕ್ ಅನ್ನುತ್ತದೆ. ಮೋಡ ದಾಟಿ ಮೇಲೆ ಬಂದರೆ ಮಾತ್ರ ನೀಲಿ ಆಕಾಶ, ಕೆಳಗೆ ಹತ್ತಿ ಹಾಸಿದ ಹಾಗೆ ಮೋಡ. ಅದನ್ನು ನೋಡುತ್ತಾ ಅರ್ಧ ಗಂಟೆ ಸುಮ್ನೆ ನಿಂತುಬಿಟ್ಟೆ.

ಹಾಗಾಗಿ ಉಳಿದುಕೊಳ್ಳೋಕೆ ದಕ್ಷಿಣವೇ ಸರಿ. ಅಲ್ಲಿ ಬಿಸಿಲು ಜಾಸ್ತಿ, ಮಳೆ ಕಡಿಮೆ. ನೋಡೋಕೆ ಉತ್ತರ ಹಸಿರಾಗಿ ಚೆಂದ, ಅಲ್ಲಿಗೆ ಹಗಲು ಹೋಗಿ ಬನ್ನಿ. ಮಸ್ಕಾ ಕಣಿವೆಯ ಟಿಎಫ್-436 ರಸ್ತೆಯ ಬಗ್ಗೆ ತುಂಬಾ ಕೇಳಿರುತ್ತೀರಿ. ಸಾಂತಿಯಾಗೊ ದೆಲ್ ಟೇಯ್ಡೆಯಿಂದ ಕೆಳಗಿಳಿಯುವಾಗ ಒಂದರ ಹಿಂದೆ ಒಂದು ಹೇರ್‌ಪಿನ್ ತಿರುವು, ಮೊದಲ ಗೇರಿನಲ್ಲೇ ಇಳಿಯಬೇಕು. ನೋಟ ಅದ್ಭುತ, ಓಡಿಸುವ ಖುಷಿ ಅಷ್ಟಿಲ್ಲ. ಹತ್ತು ಗಂಟೆ ದಾಟಿದರೆ ಬಾಡಿಗೆ ಕಾರುಗಳು ಸಾಲುಗಟ್ಟಿ ಬರುತ್ತವೆ, ಬಸ್ ಎದುರಾದರೆ ಇಳಿಜಾರಿನಲ್ಲಿ ಕ್ಲಚ್ ಹಿಡಿದು ನಿಂತೇ ಇರಬೇಕು. ನನಗೆ ಇಷ್ಟವಾಗಿದ್ದು ಲಾ ಲಗೂನಾದಿಂದ ಬೆಟ್ಟದ ಬೆನ್ನಿನ ಮೇಲೇ ಹತ್ತುತ್ತಾ ಹೋಗುವ ಟಿಎಫ್-24. ವಾಹನ ಕಡಿಮೆ, ತಿರುವುಗಳೆಲ್ಲ ಒಂದೇ ಹದದಲ್ಲಿ ಬರುತ್ತವೆ. ಸೈಕಲ್ ಸವಾರರು ಮಾತ್ರ ತುಂಬಾ, ಯುರೋಪಿನ ದೊಡ್ಡ ತಂಡಗಳು ತರಬೇತಿಗೆ ಬರೋದೇ ಈ ಬೆಟ್ಟಕ್ಕೆ. ಕುರುಡು ತಿರುವಿನಲ್ಲಿ ವೇಗ ಇಳಿಸಿ.

ಬಾಡಿಗೆ ಅಂಗಡಿಯ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಬೈಕ್ ತೊಳೆದು ಫಳಫಳ ಅನ್ನಿಸಿ ಇಟ್ಟಿದ್ದರು. ಕೂತು ನೋಡಿದರೆ ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗಿತ್ತು. ಅಂಥ ಟೈರ್ ನೇರ ರಸ್ತೆಯಲ್ಲಿ ಗೊತ್ತಾಗಲ್ಲ, ವಾಲಿಸಿದಾಗ ಅಂಚಿನ ಮೇಲೆ ತಟ್ಟನೆ ಬೀಳುತ್ತದೆ. ಬೇರೆ ಬೈಕ್ ಕೊಡಿ ಅಂತ ಪಟ್ಟು ಹಿಡಿದ ಮೇಲೆ ಕೊಟ್ಟರು. ಅಷ್ಟರಲ್ಲಿ ಎರಡು ಗಂಟೆ ಹೋಗಿತ್ತು. ಆ ಎರಡನೇ ಬೈಕ್ ಮಾತ್ರ ಒಂದು ದಿನವೂ ತೊಂದರೆ ಕೊಡಲಿಲ್ಲ. ಅಲ್ಲಿನ ಹುಡುಗನೊಬ್ಬ ತನ್ನ ದಪ್ಪ ಗ್ಲೌಸನ್ನೇ ಎರಡನೇ ದಿನ ನನಗೆ ಕೊಟ್ಟು, ವಾಪಸ್ ಬರುವಾಗ ಕೊಡಿ ಅಂದ. ಅದಕ್ಕೆ ಇವತ್ತಿಗೂ ಅವನನ್ನು ನೆನೆಯುತ್ತೇನೆ. ನೀವು ಸಹಿ ಹಾಕುವ ಮುಂಚೆ ಟೈರ್, ಬ್ರೇಕ್ ಪ್ಯಾಡ್, ಚೈನ್ ನೋಡಿ. ಮೊದಲಿನಿಂದ ಇರುವ ಗೀರುಗಳನ್ನೆಲ್ಲ ಅವರ ಎದುರೇ ವಿಡಿಯೋ ಮಾಡಿಕೊಳ್ಳಿ.

ಬೇರೆ ಜಾಗಗಳಿಗೆ ಹೋಲಿಸಿ ಅಂತ ಕೇಳುವವರಿಗೆ: ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಸಾಲಿನ ಓವರ್‌ಸೀಸ್ ಹೈವೇ ಇದಕ್ಕಿಂತ ಬೆಚ್ಚಗೆ, ರಾತ್ರಿಯೂ ನಡುಗಬೇಕಿಲ್ಲ. ಸುಮಾರು 180 ಕಿ.ಮೀ., 42 ಸೇತುವೆ, ಎರಡೂ ಕಡೆ ಸಮುದ್ರ. ಆದರೆ ಚಪ್ಪಟೆ ರಸ್ತೆ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹಿಂದೆ ಕೂರುವವರಿಗೆ, ನಿಧಾನವಾಗಿ ಹೋಗುವವರಿಗೆ ಅದೇ ಒಳ್ಳೆಯದು. ಥಾಯ್ಲೆಂಡಿನ ಮೇ ಹೋಂಗ್ ಸೋನ್ ಸುತ್ತಿನಲ್ಲಿ 1,864 ತಿರುವು ಅಂತ ಲೆಕ್ಕ ಹೇಳುತ್ತಾರೆ. ತಿರುವಿನ ಹುಚ್ಚಿದ್ದರೆ ಅದಕ್ಕೆ ಸಾಟಿ ಇಲ್ಲ. ಅಲ್ಲಿ ನವೆಂಬರ್‌ನಿಂದ ಫೆಬ್ರವರಿ ಮಧ್ಯದೊಳಗೆ ಹೋಗಿ ಬನ್ನಿ, ಆಮೇಲೆ ಗದ್ದೆ ಕಾಡು ಸುಡುವ ಹೊಗೆ ಶುರುವಾಗುತ್ತದೆ. ಒಂದೇ ದಿನದಲ್ಲಿ ಸಮುದ್ರ, ಕಾಡು, ಮೋಡ, ಲಾವಾ ನಾಲ್ಕೂ ಬೇಕು ಅಂದರೆ ಟೆನೆರಿಫೆಯೇ, ಅಲ್ವಾ?

ಹೋಗೋದಾದರೆ ಜಾಕೆಟ್ಟಿನ ಒಳಪದರ, ಕುತ್ತಿಗೆ ಪಟ್ಟಿ, ದಪ್ಪ ಗ್ಲೌಸ್ ಮರೆಯಬೇಡಿ. ಜನವರಿಯಲ್ಲಿ ಸೂರ್ಯ ಹುಟ್ಟೋದೇ ಎಂಟರ ಹತ್ತಿರ, ಆರೂವರೆ ಹೊತ್ತಿಗೆ ಮುಳುಗುತ್ತಾನೆ. ಹನ್ನೊಂದರ ಮೇಲೆ ಬೆಟ್ಟ ಹತ್ತಿ, ನಾಲ್ಕಕ್ಕೆಲ್ಲ ಇಳಿದುಬಿಡಿ. ಸಹಾರಾದಿಂದ ಬರುವ ದೂಳುಗಾಳಿಗೆ ಅಲ್ಲಿ ಕಲಿಮಾ ಅನ್ನುತ್ತಾರೆ, ಅದು ಎದ್ದ ದಿನ ದೂರದ್ದು ಕಾಣಲ್ಲ, ಗಂಟಲು ಒಣಗುತ್ತದೆ, ಆವತ್ತು ಬೈಕಿಗೆ ರಜೆ ಕೊಡಿ. ಮುಂದಿನ ಸಲ ನಾನು ಹತ್ತು ದಿನ ಇಟ್ಟುಕೊಂಡು ಹೋಗುತ್ತೇನೆ. ಲೋಸ್ ಕ್ರಿಸ್ಟಿಯಾನೋಸ್ ಬಂದರಿನಿಂದ ಹಡಗಿನಲ್ಲಿ ಬೈಕ್ ಹಾಕಿಕೊಂಡು ಪಕ್ಕದ ಲಾ ಗೊಮೇರಾ ದ್ವೀಪಕ್ಕೆ ಹೋಗಬಹುದು, ಅದು ಈ ಸಲ ಆಗಲಿಲ್ಲ. ನೀವು ಹೋಗುವುದಾದರೆ, ಬೇರೆ ದ್ವೀಪಕ್ಕೆ ಬೈಕ್ ಒಯ್ಯಬಹುದಾ ಅಂತ ಬಾಡಿಗೆ ಅಂಗಡಿಯಲ್ಲಿ ಮೊದಲೇ ಕೇಳಿ ಕರಾರಿನಲ್ಲಿ ಬರೆಸಿಕೊಳ್ಳಿ.